ನಾಲ್ಕು ಬೇಸಿಗೆ ದುಡಿದ ತರಕಾರಿ ಒಣಗಿಸುವ ಯಂತ್ರ

ಕೈತೋಟದ ತರಕಾರಿ ಒಮ್ಮೆಗೇ ಬಂದು ಬಾಡಿಹೋಗುವುದನ್ನು ನೋಡಲಾರದೆ ಕೊಂಡ ವಿದ್ಯುತ್ ಡಿಹೈಡ್ರೇಟರನ್ನು ನಾನು ಈಗ ನಾಲ್ಕು ಬೇಸಿಗೆ ಬಳಸಿದ್ದೇನೆ. ಎಂಟು ಜಾಲರಿ ಟ್ರೇಗಳ ಪೆಟ್ಟಿಗೆ, ಹಿಂಬದಿಯಲ್ಲಿ ಫ್ಯಾನು, 600 ವ್ಯಾಟ್‌ನ ಹೀಟರ್, 35ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ತಿರುಗಿಸಬಹುದಾದ ಗುಂಡಿ, ಇಷ್ಟೇ ಅದರ ರಚನೆ. ಕೊಂಡ ಮೊದಲ ತಿಂಗಳಲ್ಲಿ ಬರೆದಿದ್ದರೆ ಈ ವಿಮರ್ಶೆ ಬರೀ ಮೆಚ್ಚುಗೆಯಾಗಿರುತ್ತಿತ್ತು. ಮೊದಲ ಬೇಸಿಗೆ ಮುಗಿಯುವಷ್ಟರಲ್ಲಿ ಬರೆದಿದ್ದರೆ ದೂರಾಗಿರುತ್ತಿತ್ತು.

ಆ ದೂರಿಗೆ ಕಾರಣ ಟೊಮೆಟೊ. ಗುಂಡಿಯನ್ನು 55 ಡಿಗ್ರಿಗೆ ಇಟ್ಟು, ಬಿಲ್ಲೆಗಳಾಗಿ ಹೆಚ್ಚಿದ ಹಣ್ಣನ್ನು ಹತ್ತು ಗಂಟೆಗೆ ತೆಗೆಯುವ ಲೆಕ್ಕದಲ್ಲಿ ಹರಡಿದರೆ, ಇಪ್ಪತ್ತು ಗಂಟೆಯಾದರೂ ನಡುವೆ ತೇವ ಉಳಿಯುತ್ತಿತ್ತು. ಕೆಲವು ಬಿಲ್ಲೆಗಳಿಂದ ಹುಳಿತ ವಾಸನೆಯೂ ಬರುತ್ತಿತ್ತು. ಎರಡನೆಯ ವರ್ಷ ಒಂದು ಬಿಡಿ ಥರ್ಮಾಮೀಟರನ್ನು ಒಳಗಿಟ್ಟು ನೋಡಿದಾಗಷ್ಟೇ ವಿಷಯ ತಿಳಿಯಿತು: ಬಾಗಿಲ ಬಳಿ 48 ಡಿಗ್ರಿ, ಫ್ಯಾನಿನ ಬಳಿ 55. ಅಂದಿನಿಂದ ಗುಂಡಿಯನ್ನು 60ರ ಸಮೀಪ ಇಡುತ್ತೇನೆ ಮತ್ತು ಅರ್ಧ ಹೊತ್ತು ಕಳೆದ ಮೇಲೆ ಪ್ರತಿ ಟ್ರೇಯ ಹಿಂದುಮುಂದನ್ನು ತಿರುಗಿಸುತ್ತೇನೆ. ಆರೇಳು ಮಿಲಿಮೀಟರ್ ದಪ್ಪದ ಬಿಲ್ಲೆಗಳು ಈಗ ಹನ್ನೊಂದು ಹನ್ನೆರಡು ಗಂಟೆಯಲ್ಲಿ ಒಣಗುತ್ತವೆ. ಬೇಗ ಮುಗಿಯಲೆಂದು ಶಾಖವನ್ನು ಇನ್ನೂ ಏರಿಸುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ, ಏಕೆಂದರೆ ಹೊರಮೈ ಬೇಗ ಗಟ್ಟಿಯಾಗಿ ಒಳಗಿನ ನೀರು ಹೊರಬರಲು ದಾರಿಯಿಲ್ಲದಂತಾಗುತ್ತದೆ. ಮೇಲೆ ಒಣಗಿದಂತೆ ಕಾಣುವ ಅಂಥ ತುಂಡು ಡಬ್ಬದಲ್ಲಿ ಬೂಷ್ಟು ಹಿಡಿಯುತ್ತದೆ.

ಯಂತ್ರದ ಫಲಿತಾಂಶ ಅದರೊಳಗೆ ಹೋಗುವ ತರಕಾರಿಯನ್ನು ಎಷ್ಟೊಂದು ಅವಲಂಬಿಸಿದೆ ಎಂಬುದನ್ನು ಮಾರಾಟದ ಯಾವ ವಿವರಣೆಯೂ ನನಗೆ ಹೇಳಿರಲಿಲ್ಲ. ಬಿರುಬಿಸಿಲಿನ ದಿನಗಳಲ್ಲಿ ನಾನು ಬೆಳಕು ಹರಿಯುತ್ತಿದ್ದಂತೆ ಕೊಯ್ಯುತ್ತೇನೆ. ರಾತ್ರಿಯ ತಂಪಿನಲ್ಲಿ ಗಿಡ ನೀರು ತುಂಬಿಕೊಂಡಿರುತ್ತದೆ, ಕಾಯಿಯೂ ತಣ್ಣಗಿರುತ್ತದೆ. ಮಧ್ಯಾಹ್ನ ಕೊಯ್ದ ಕಾಯಿ ಬಿಸಿಲಿನ ಕಾವನ್ನು ಒಡಲಲ್ಲೇ ಹೊತ್ತು ತರುವುದರಿಂದ ಬುಟ್ಟಿಯಲ್ಲೇ ಸೊರಗತೊಡಗುತ್ತದೆ. ಬೆಂಡೆಯನ್ನಂತೂ ದಿನ ಬಿಟ್ಟು ದಿನ ಕೊಯ್ಯಲೇಬೇಕು. ನಾರಾದ ಬೆಂಡೆಯನ್ನು ಯಾವ ಯಂತ್ರವೂ ಎಳೆಯದಾಗಿಸಲಾರದು. ಟೊಮೆಟೊ ಗಿಡದಲ್ಲೇ ಪೂರ್ತಿ ಕೆಂಪಾಗಲಿ ಎಂದು ಕಾಯುವುದನ್ನೂ ಬಿಟ್ಟಿದ್ದೇನೆ. ಉಷ್ಣಾಂಶ 30 ಡಿಗ್ರಿ ದಾಟಿದರೆ ಹಣ್ಣಿಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಸರಿಯಾಗಿ ರೂಪುಗೊಳ್ಳುವುದಿಲ್ಲ. ಆದ್ದರಿಂದ ಬಣ್ಣ ತಿರುಗಲು ಆರಂಭಿಸಿದ ಹಣ್ಣನ್ನು ಕೊಯ್ದು ಮನೆಯ ತಂಪಾದ, ನೆರಳಿನ ಮೂಲೆಯಲ್ಲಿ ಮಾಗಿಸುತ್ತೇನೆ. ಬಿಸಿಲಿಗೆ ಸುಡುವುದೂ ಒಡೆಯುವುದೂ ಇದರಿಂದ ತಪ್ಪಿದೆ.

ಬೀನ್ಸ್ ಮತ್ತು ಕ್ಯಾರೆಟ್‌ಗಳನ್ನು ಎರಡು ಮೂರು ನಿಮಿಷ ಕುದಿಯುವ ನೀರಿನಲ್ಲಿಟ್ಟು, ಕೂಡಲೇ ತಣ್ಣೀರಿಗೆ ಹಾಕಿ, ನೀರು ಬಸಿದ ಮೇಲೆಯೇ ಟ್ರೇಗೆ ಹರಡುತ್ತೇನೆ. ಬಣ್ಣ ಮತ್ತು ರುಚಿಯನ್ನು ಕೆಡಿಸುವ ಕಿಣ್ವಗಳು ಈ ಬಿಸಿಗೆ ಅಡಗುತ್ತವೆ. ಹೀಗೆ ಮಾಡದೆ ಒಣಗಿಸಿದ ಬೀನ್ಸ್ ಎರಡೇ ತಿಂಗಳಲ್ಲಿ ಒಣಹುಲ್ಲಿನ ವಾಸನೆಗೆ ತಿರುಗಿದ್ದನ್ನು ಕಂಡಿದ್ದೇನೆ. ಮೆಣಸಿನಕಾಯಿಗೂ ಟೊಮೆಟೊಗೂ ಇದು ಬೇಕಿಲ್ಲ. ಸೊಪ್ಪುಗಳನ್ನು ಬೇರೆಯಾಗಿ, 40 ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸುವುದು ಒಳ್ಳೆಯದು.

ಯಂತ್ರದಿಂದ ತೆಗೆದದ್ದನ್ನು ನೇರವಾಗಿ ಮುಚ್ಚಿಡುವುದು ನಾನು ಮಾಡಿದ ದೊಡ್ಡ ತಪ್ಪು. ಒಂದು ದೊಡ್ಡ ಡಬ್ಬದ ಬೀನ್ಸ್ ಅದರಿಂದ ಪೂರ್ತಿ ಹಾಳಾಯಿತು. ಒಂದೇ ಟ್ರೇಯ ತುಂಡುಗಳೂ ಸಮನಾಗಿ ಒಣಗಿರುವುದಿಲ್ಲ. ಹೀಗಾಗಿ ಪೂರ್ತಿ ಆರಿದ ಮೇಲೆ ಗಾಜಿನ ಜಾಡಿಯ ಮೂರನೆಯ ಎರಡು ಭಾಗದಷ್ಟು ಮಾತ್ರ ತುಂಬಿ, ಬಿಗಿಯಾಗಿ ಮುಚ್ಚಿ, ಒಂದು ವಾರದಿಂದ ಹತ್ತು ದಿನದವರೆಗೆ ದಿನಕ್ಕೊಮ್ಮೆ ಕುಲುಕಬೇಕು. ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದಂತೆ ಕಂಡರೆ ಎಲ್ಲವನ್ನೂ ಮತ್ತೆ ಯಂತ್ರಕ್ಕೆ ಹಾಕಬೇಕು. ಬೂಷ್ಟು ಕಂಡರೆ ಪೂರ್ತಿ ಜಾಡಿಯನ್ನೇ ಚೆಲ್ಲಬೇಕು. ಬೀನ್ಸ್, ಕ್ಯಾರೆಟ್‌ಗಳು ಮುರಿದರೆ ಲಟಕ್ಕೆನ್ನಬೇಕು, ಬಾಗಬಾರದು. ಒಣಗಿದ ಟೊಮೆಟೊವನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೇ ಇಡುವವರಿಗೆ ಒಂದು ಮಾತು: ಗಾಳಿಯಿಲ್ಲದ ಕಡೆ ಬೆಳೆಯುವ ಬಾಟ್ಯುಲಿನಮ್ ಬ್ಯಾಕ್ಟೀರಿಯಾ ವಿಷ ಉಂಟುಮಾಡಬಲ್ಲದು, ಆ ವಿಷ ಕಣ್ಣಿಗೂ ಮೂಗಿಗೂ ತಿಳಿಯದಿರಬಹುದು. ದಯವಿಟ್ಟು ಎಣ್ಣೆಯನ್ನು ಬಡಿಸುವ ಹೊತ್ತಿಗೆ ಸೇರಿಸಿ. ಒಣಗಿದ್ದನ್ನು ಒಣಗಿದ್ದಾಗಿಯೇ ಇಡಿ.

ಸ್ಥಳ ಉಳಿಯುವುದು ನನಗೆ ನಿಜವಾದ ಲಾಭವಾಗಿ ಕಂಡಿದೆ. ಟೊಮೆಟೊದಲ್ಲಿ ಶೇಕಡಾ 94ರಷ್ಟು ನೀರೇ ಇರುವುದರಿಂದ ಒಂದು ಕಿಲೋ ಹಣ್ಣು ಸುಮಾರು 70 ಗ್ರಾಂಗೆ ಇಳಿಯುತ್ತದೆ. ಬುಟ್ಟಿಗಟ್ಟಲೆ ಬೆಳೆ ಒಂದು ಕಪಾಟಿನಲ್ಲಿ ಹಿಡಿಯುತ್ತದೆ. ಸಿ ಜೀವಸತ್ವ ಒಂದಿಷ್ಟು ನಷ್ಟವಾಗುವುದನ್ನು ಮಾತ್ರ ಒಪ್ಪಿಕೊಳ್ಳಬೇಕು. ಒಂದು ಸುತ್ತಿಗೆ, ಅಂದರೆ ಹತ್ತು ಗಂಟೆಗೆ, ನನ್ನ ಮೀಟರಿನಲ್ಲಿ ನಾಲ್ಕರಿಂದ ಐದು ಯೂನಿಟ್ ಓಡುತ್ತದೆ. ಬೇಸಿಗೆಯಲ್ಲಿ ಅಡುಗೆಮನೆಯನ್ನು ಇದು ಇನ್ನಷ್ಟು ಕಾಯಿಸುವುದರಿಂದ ರಾತ್ರಿ ಕಿಟಕಿ ತೆರೆದು ಓಡಿಸುತ್ತೇನೆ. ಫ್ಯಾನಿನ ಸದ್ದು ಪಕ್ಕದ ಕೋಣೆಗೆ ಕೇಳುತ್ತದೆ.

ಬಾಳಿಕೆಯ ಬಗ್ಗೆ ಹೇಳುವುದಾದರೆ, ಮೂರನೆಯ ವರ್ಷ ಫ್ಯಾನಿನ ಬೇರಿಂಗ್ ಸವೆದು ಬದಲಿಸಬೇಕಾಯಿತು, ಪ್ಲಾಸ್ಟಿಕ್ ಟ್ರೇಗಳಲ್ಲಿ ಎರಡು ಸೊಟ್ಟಗಾಗಿವೆ. ಹೊಸದಾಗಿ ಕೊಳ್ಳುವವರು ಉಕ್ಕಿನ ಟ್ರೇ ಇರುವ, ಹಿಂಬದಿಯಿಂದ ಗಾಳಿ ಬೀಸುವ ಮಾದರಿಯನ್ನೇ ಆರಿಸಲಿ, ಜೊತೆಗೆ ಒಂದು ಥರ್ಮಾಮೀಟರನ್ನೂ ತರಲಿ. ನನ್ನದು ಐದನೆಯ ಬೇಸಿಗೆಗೆ ಸಿದ್ಧವಾಗಿದೆ. ಆ ಎರಡು ಟ್ರೇಗಳನ್ನಷ್ಟೇ ಬದಲಿಸಬೇಕಿದೆ.