ಸೂರ್ಯಕಾಂತಿ ಹೊಲದಲ್ಲಿ ಮಿಂಚುಪಟ್ಟಿ: ಗಿಳಿಗಳು ಎಷ್ಟು ದಿನ ಹೆದರುತ್ತವೆ?

ಗುಂಡ್ಲುಪೇಟೆ ಕಡೆ ಮುಂಗಾರಿಗೆ ಸೂರ್ಯಕಾಂತಿ ಬಿತ್ತಿದವರ ಹೊಲಕ್ಕೆ ಎರಡು ಬಗೆಯ ಹಿಂಡು ಇಳಿಯುತ್ತದೆ. ಊಟಿ ರಸ್ತೆಯಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಯುವವರು ಹೂ ಬಾಡಿದ ಮೇಲೆ ಇತ್ತ ತಿರುಗಿಯೂ ನೋಡುವುದಿಲ್ಲ. ಗಿಳಿಗಳು ಬರುವುದೇ ಆಮೇಲೆ.

ಕೆಲವು ವರ್ಷಗಳಿಂದ ನಾನು ನೆಚ್ಚಿಕೊಂಡಿರುವುದು ಒಂದು ಮಗ್ಗುಲು ಕೆಂಪು, ಇನ್ನೊಂದು ಮಗ್ಗುಲು ಬೆಳ್ಳಿ ಬಣ್ಣದ ತೆಳು ಪ್ಲಾಸ್ಟಿಕ್ ಪಟ್ಟಿ. ಅಗಲ ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್. ಗೊಬ್ಬರದ ಅಂಗಡಿಯಲ್ಲಿ ಸುರುಳಿ ಸುರುಳಿಯಾಗಿ ಸಿಗುತ್ತದೆ. ಬೆಳೆಗಿಂತ ಅರ್ಧ ಮೀಟರ್ ಮೇಲೆ, 5 ಮೀಟರಿಗೊಂದು ಸಾಲಿನಂತೆ, ಉತ್ತರ-ದಕ್ಷಿಣವಾಗಿ ಎಳೆಯಬೇಕು. ದಿಕ್ಕಿಗೆ ಕಾರಣವಿದೆ. ಗಿಳಿಗಳು ಮೇಯುವುದು ಹೆಚ್ಚಾಗಿ ಬೆಳಗ್ಗೆ ಮತ್ತು ಸಂಜೆ. ಆ ಹೊತ್ತಿನ ಓರೆ ಬಿಸಿಲು ಪಟ್ಟಿಯ ಮಗ್ಗುಲಿಗೆ ಬಿದ್ದರೆ ಮಾತ್ರ ಅದು ಮಿಂಚುತ್ತದೆ. ಕಟ್ಟುವಾಗ ಎರಡು ಮೂರು ತಿರುವು ಕೊಟ್ಟರೆ ಗಾಳಿಗೆ ಅದುರಿ ಗುಂಯ್ ಎನ್ನುತ್ತದೆ. ಆಷಾಢದಲ್ಲಿ ನಮ್ಮಲ್ಲಿ ಬಿಸಿಲಿಗಿಂತ ಮೋಡವೇ ಹೆಚ್ಚು. ಅಂಥ ದಿನಗಳಲ್ಲಿ ಕೆಲಸ ಮಾಡುವುದು ಮಿಂಚಲ್ಲ, ಆ ಸದ್ದು.

ಆದರೆ ಪಟ್ಟಿಯನ್ನು ಹರಿಯುವುದೂ ಅದೇ ಗಾಳಿ. ನಡುವೆ ಹರಿಯುವುದು ಅಪರೂಪ. ಗಳಕ್ಕೆ ಹಾಕಿದ ಗಂಟಿನ ಬಳಿ ಉಜ್ಜಿ ಉಜ್ಜಿ ತುಂಡಾಗುತ್ತದೆ. ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಗಳಕ್ಕೆ ಸುತ್ತಿ ಅದರ ಮೇಲೆ ಗಂಟು ಹಾಕಿದರೆ ಕೊಯ್ಲಿನವರೆಗೂ ತಡೆಯುತ್ತದೆ. ತೀರಾ ಸಡಿಲ ಬಿಟ್ಟರೆ ಪಟ್ಟಿ ತೆನೆಗೆ ಸುತ್ತಿಕೊಂಡು ಸುಮ್ಮನಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಯಾವಾಗ ಕಟ್ಟಬೇಕು ಎಂಬುದು. ಸೂರ್ಯಕಾಂತಿಯ ಹೊರಸುತ್ತು ಮೊದಲು ಅರಳುತ್ತದೆ, ಕಾಳು ಮೊದಲು ಬಲಿಯುವುದೂ ಅಲ್ಲಿಯೇ. ಗಿಳಿ ಬಾಗಿದ ತೆನೆಯ ಬೆನ್ನ ಮೇಲೆ ಕುಳಿತು, ಕತ್ತು ಕೆಳಗೆ ಚಾಚಿ, ಅಂಚಿನಿಂದ ಒಂದೊಂದೇ ಕಾಳು ಕೀಳುತ್ತದೆ. ಕೊಕ್ಕಿನಲ್ಲಿ ಹೊರಳಿಸಿ, ಸಿಪ್ಪೆ ಉಗಿದು, ಎಷ್ಟೋ ಕಾಳನ್ನು ತಿನ್ನದೆಯೇ ಚೆಲ್ಲುತ್ತದೆ. ಕೆಳಗಿನ ಎಲೆಗಳ ಮೇಲೆ ಸೀಳಿದ ಸಿಪ್ಪೆ ಕಂಡ ದಿನವೇ ನಾನು ಪಟ್ಟಿ ಎಳೆಸುತ್ತೇನೆ, ಅದಕ್ಕಿಂತ ಮೊದಲಲ್ಲ. ಪೈರು ಮೊಣಕಾಲುದ್ದ ಇರುವಾಗಲೇ ಕಟ್ಟಿದವರ ಹೊಲದಲ್ಲಿ ಕಾಳು ತುಂಬುವ ಹೊತ್ತಿಗೆ ಗಿಳಿಗೂ ಪಟ್ಟಿಗೂ ನೆಂಟಸ್ತನ ಬೆಳೆದಿರುತ್ತದೆ. ಹುಳು ಹೆಕ್ಕಲು ಬರುವ ಗೊರವಂಕ, ಬೆಳ್ಳಕ್ಕಿಗಳನ್ನೂ ಅಷ್ಟು ಬೇಗ ಬೆದರಿಸುವುದು ಯಾರಿಗೆ ಬೇಕು?

ಮೊದಲ ವಾರ ಹಿಂಡು ಹೊಲದ ಮೇಲೆ ಬಂದು, ಗಿರಕಿ ಹೊಡೆದು, ಕಿರುಚಿ ಹೋಗುತ್ತದೆ. ಎರಡನೆಯ ವಾರ ಒಂದೆರಡು ಧೈರ್ಯವಂತ ಗಿಳಿಗಳು ಗಳದ ತುದಿಯಲ್ಲೇ ಕೂರುತ್ತವೆ. ಅವುಗಳಿಗೆ ಏನೂ ಆಗಲಿಲ್ಲವೆಂದು ಕಂಡರೆ ಮಿಕ್ಕವೂ ಇಳಿಯುತ್ತವೆ. ಆಗ ಡಬ್ಬ ಬಾರಿಸುವ ಆಳು ಬೇಕೇ ಬೇಕು. ಹುಣಸೆ ಮರ, ವಿದ್ಯುತ್ ತಂತಿ ಇರುವ ಬದುವಿನ ಕಡೆಯಿಂದಲೇ ಲೂಟಿ ಶುರುವಾಗುವುದರಿಂದ ಅಲ್ಲಿ ಸಾಲುಗಳನ್ನು ಒತ್ತಾಗಿ ಎಳೆಸುತ್ತೇನೆ. ಅಕ್ಕಪಕ್ಕದಲ್ಲಿ ಪಟ್ಟಿಯಿಲ್ಲದ ಹೊಲವಿದ್ದರೆ ಹಿಂಡು ಅಲ್ಲಿಗೆ ಹೋಗುತ್ತದೆ ಎಂಬ ಸತ್ಯವನ್ನು ಅಂಗಡಿಯವರು ಹೇಳುವುದಿಲ್ಲ. ಸುತ್ತಲಿನವರೆಲ್ಲ ಕಟ್ಟಿದ ವರ್ಷ ಅಂಜಿಕೆ ಬೇಗ ಕರಗಿತು. ಹಸಿದ ಹಿಂಡಿಗೆ ಬೇರೆ ಮೇವೇ ಇರಲಿಲ್ಲ.

ನವಿಲಿಗೆ ಇದು ಲೆಕ್ಕಕ್ಕೇ ಇಲ್ಲ. ಪಟ್ಟಿಯ ಕೆಳಗೆ ನಡೆದುಕೊಂಡೇ ಬರುತ್ತದೆ.

ಜೊತೆಗೆ ಬಳಸಿ ನೋಡಿದ ಬೇರೆಯವುಗಳ ಬಗ್ಗೆಯೂ ಹೇಳಬೇಕು. ದೊಡ್ಡ ಕಣ್ಣು ಬರೆದ ಹಳದಿ ಬಲೂನು ದುಡ್ಡು ದಂಡ. ವಾರ ಕಳೆಯುವುದರೊಳಗೆ ಗಾಳಿ ಇಳಿದು ಜೋಲುತ್ತದೆ, ಗಿಳಿಗಳು ಅದಕ್ಕೂ ಮೊದಲೇ ಅದನ್ನು ಮರೆತಿರುತ್ತವೆ. ಮೆಣಸಿನಪುಡಿ ಕಲಸಿ ಸಿಂಪಡಿಸಿ ಎನ್ನುವವರಿದ್ದಾರೆ. ಖಾರದ ಸತ್ವವಾದ ಕ್ಯಾಪ್ಸೈಸಿನ್ ನಮ್ಮ ಬಾಯಿ ಉರಿಸುತ್ತದೆಯೇ ಹೊರತು ಹಕ್ಕಿಗಳಿಗೆ ತಾಕುವುದಿಲ್ಲ. ಪಂಜರದ ಗಿಳಿಗೆ ಮೆಣಸಿನಕಾಯಿ ತಿನ್ನಿಸಿದ ನಾಡಿನಲ್ಲಿ ಈ ಸಲಹೆ ಹೇಗೆ ಹುಟ್ಟಿತೋ! (ಪಂಜರದಲ್ಲಿಡುವುದೂ, ಬಲೆಯಲ್ಲಿ ಹಿಡಿಯುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.) ಕೊಳೆತ ಮೊಟ್ಟೆಯ ದ್ರಾವಣ ಪರವಾಗಿಲ್ಲ, ವಾಸನೆಗೆ ಕೆಲವು ದಿನ ಹಕ್ಕಿಗಳು ಹಿಂಜರಿಯುತ್ತವೆ. ಆದರೆ ಒಂದು ಮಳೆ ಬಂದರೆ ಎಲ್ಲವೂ ತೊಳೆದುಹೋಗುತ್ತದೆ, ಬಾಗಿದ ತೆನೆಯಲ್ಲಿ ದ್ರಾವಣ ಬೀಳುವುದು ಬೆನ್ನಿಗೇ ಹೊರತು ಕಾಳಿಗಲ್ಲ. ಸಿಂಪಡಿಸುವುದಾದರೆ ದಳ ಉದುರಿದ ಮೇಲೆ ಮಾತ್ರ. ಹೂವಿನಲ್ಲಿ ಜೇನು ಓಡಾಡಿದರೆ ತಾನೇ ಕಾಳು ಕಟ್ಟುವುದು. ಬಲೆ ಹೊದಿಸುವುದು ಎಲ್ಲಕ್ಕಿಂತ ಭದ್ರ, ಆದರೆ ಆ ಖರ್ಚು ದ್ರಾಕ್ಷಿಗೆ ಸರಿ, ಎಣ್ಣೆಕಾಳಿಗಲ್ಲ.

ಕೊಳ್ಳುವಾಗ ಬೆರಳಿನಲ್ಲಿ ಉಜ್ಜಿ ನೋಡಿ. ಬೆಳ್ಳಿ ಬಣ್ಣ ಕೈಗೆ ಹತ್ತಿದರೆ ಆ ಸುರುಳಿ ಬೇಡ, ಎರಡು ಮಳೆಗೆ ಮಂಕಾಗುತ್ತದೆ. ಕೊಯ್ಲಿಗೆ ಮುನ್ನ ಪಟ್ಟಿಯನ್ನು ಬಿಚ್ಚಿ ಸುತ್ತಿಡಿ. ಹೊಲದಲ್ಲೇ ಬಿಟ್ಟ ಚೂರುಗಳು ಮೇವಿನ ಜೊತೆ ದನದ ಹೊಟ್ಟೆ ಸೇರುತ್ತವೆ. ಪಟ್ಟಿಗೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಬರುವ ಮುಂಗಾರಿಗೂ ಪಟ್ಟಿಯನ್ನೇ ಕೊಳ್ಳುತ್ತೇನೆ. ಕಣ್ಣಿನ ಬಲೂನು ಬೇಕಾದವರು ಬಿಟ್ಟಿಯಾಗಿ ಒಯ್ಯಬಹುದು.