ಮಕ್ಕಳ ಎತ್ತರಕ್ಕೆ ಜೀನ್ ಟೆಸ್ಟ್ ಮಾಡಿಸೋ ಮುಂಚೆ ಇದನ್ನ ಓದಿ

ಉಗುಳಿನ ಸ್ಯಾಂಪಲ್ ತಗೊಂಡು "ನಿಮ್ಮ ಮಗ ಜೀನ್ ಪ್ರಕಾರ ಇಷ್ಟು ಎತ್ತರ ಬೆಳೀಬೇಕು" ಅಂತ ರಿಪೋರ್ಟ್ ಕೊಟ್ಟು, ಹಿಂದೆಯೇ ಪೌಡರ್ ಡಬ್ಬ ಮಾರುವವರಿದ್ದಾರೆ. ನಮ್ಮ ಅಕ್ಕನ ಮನೆಯಲ್ಲಿ ಹೀಗೆ 18,000 ರೂಪಾಯಿ ಹೋಯಿತು.

ಹುಡುಗನಿಗೆ 17 ವರ್ಷ, ಎತ್ತರ 168 ಸೆಂ.ಮೀ. ಕುಳ್ಳನೇನಲ್ಲ, ಗೆಳೆಯರು ಉದ್ದ ಅಷ್ಟೇ. ರಿಪೋರ್ಟಿನಲ್ಲಿ ಒಂದು ಹಸಿರು ಪಟ್ಟಿ, ಅದರ ತುದಿಯಲ್ಲಿ 181 ಅಂತ ದಪ್ಪಕ್ಷರ. "ಮೇಡಂ, ಇನ್ನೂ 13 ಸೆಂ.ಮೀ. ಒಳಗೇ ಉಳಿದಿದೆ, ನಮ್ಮ ಪೌಡರ್ ಕೊಟ್ರೆ ಬರುತ್ತೆ" ಅಂದರಂತೆ ಫೋನಿನಲ್ಲಿ. ಎತ್ತರ ಏನು ಬ್ಯಾಂಕಿನಲ್ಲಿಟ್ಟ ಠೇವಣಿಯೇ, ಬೇಕಾದಾಗ ತೆಗೆಯೋಕೆ? ಕೊನೇ ಪುಟದಲ್ಲಿ ಮಾತ್ರ ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣಗೆ, ಇದು ವೈದ್ಯಕೀಯ ಸಲಹೆಯಲ್ಲ ಅಂತ ಬರೆದಿತ್ತು.

ಇವರು ಅರ್ಧ ಸತ್ಯ ಹೇಳಿ ನಂಬಿಸುತ್ತಾರೆ. ಜನರ ಎತ್ತರದಲ್ಲಿ ಕಾಣುವ ವ್ಯತ್ಯಾಸಕ್ಕೆ ಸುಮಾರು ಶೇ. 80ರಷ್ಟು ಜೀನ್‌ಗಳೇ ಕಾರಣ, ಅದು ನಿಜ. ಆದರೆ ಅದು ಒಂದೆರಡು ಜೀನ್‌ಗಳ ಕೆಲಸ ಅಲ್ಲ. 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಸುಮಾರು 54 ಲಕ್ಷ ಜನರ ಡಿಎನ್‌ಎ ಜಾಲಾಡಿ, ಎತ್ತರದ ಜೊತೆ ನಂಟಿರುವ 12,111 ಸಣ್ಣ ಬದಲಾವಣೆಗಳನ್ನು ಗುರುತಿಸಿದರು. ಒಂದೊಂದರ ಪಾಲು ತೀರಾ ಕಡಿಮೆ. ಎಲ್ಲ ಸೇರಿಸಿದರೂ ಯುರೋಪ್ ಮೂಲದವರಲ್ಲಿ ವ್ಯತ್ಯಾಸದ ಶೇ. 40ರಷ್ಟನ್ನು ವಿವರಿಸುತ್ತವೆ. ನಮ್ಮಂಥ ಬೇರೆ ಮೂಲದವರಲ್ಲಿ ಬರೀ ಶೇ. 10ರಿಂದ 20. ಹಾಗಿದ್ದ ಮೇಲೆ ಒಂದು ಚಮಚ ಉಗುಳು ನೋಡಿ 181 ಅಂತ ಹೇಳಿದ್ದು ಹೇಗೆ?

ಪೌಡರ್ ಮುಗಿಯಿತು, ಗೋಡೆ ಮೇಲಿನ ಪೆನ್ಸಿಲ್ ಗೆರೆ ಕದಲಲಿಲ್ಲ. ಆಮೇಲೆ ಮಕ್ಕಳ ಹಾರ್ಮೋನ್ ಡಾಕ್ಟರ್ ಹತ್ತಿರ ಹೋದರು. ಅವರು ಮೊದಲು ಎಡಗೈಯ ಎಕ್ಸ್‌ರೇ ತೆಗೆಸಿದರು. ಬೆಳೆಯುವ ವಯಸ್ಸಿನಲ್ಲಿ ಮೂಳೆ ತುದಿಯ ಹತ್ತಿರ ಮೆದುವಾದ ಪಟ್ಟಿ ಇರುತ್ತದೆ, ಉದ್ದ ಆಗೋದು ಅಲ್ಲೇ. ಇವನಿಗೆ ಅದು ಮುಚ್ಚಿಕೊಂಡಿತ್ತು. ಮುಚ್ಚಿದ ಮೇಲೆ ಯಾವ ಪೌಡರೂ ಉದ್ದ ಮಾಡಲ್ಲ.

ಆಮೇಲೆ ಚೀಟಿಯ ಹಿಂದೆ ಲೆಕ್ಕ ಬರೆದರು: ಅಪ್ಪ 168, ಅಮ್ಮ 154, ಗಂಡುಮಗ ಆದ್ದರಿಂದ 13 ಕೂಡಿಸಿ, ಎರಡರಿಂದ ಭಾಗಿಸಿದರೆ 167.5. ಹೆಣ್ಣಾದರೆ 13 ಕಳೆಯಬೇಕು. ಏಳೆಂಟು ಸೆಂ.ಮೀ. ಆಚೀಚೆ ಆಗೋದು ಮಾಮೂಲಿ. "ನಿಮ್ಮ ಹುಡುಗ ಸರಿಯಾಗೇ ಇದ್ದಾನಲ್ಲಮ್ಮ" ಅಂದರು. ಈ ಲೆಕ್ಕಕ್ಕೆ ಕಾಸು ಖರ್ಚಿಲ್ಲ, ಅಲ್ವಾ?

ಚಿಕ್ಕ ಮಕ್ಕಳು ವರ್ಷಕ್ಕೆ ನಾಲ್ಕು ಸೆಂ.ಮೀ.ಗಿಂತ ಕಡಿಮೆ ಬೆಳೆಯುತ್ತಿದ್ದರೆ ಮಾತ್ರ ತಡ ಮಾಡಬೇಡಿ. ಥೈರಾಯ್ಡ್, ಬೆಳವಣಿಗೆ ಹಾರ್ಮೋನಿನ ಕೊರತೆ, ಹೆಣ್ಣುಮಕ್ಕಳಲ್ಲಿ ಹುಟ್ಟಿನಿಂದಲೇ ಇರುವ ಟರ್ನರ್ ಸಿಂಡ್ರೋಮ್ ಅನ್ನೋ ಕ್ರೋಮೋಸೋಮ್ ತೊಂದರೆ, ಇಂಥವು ಕಾರಣ ಇರಬಹುದು. ಮೂಳೆ ಮುಚ್ಚುವ ಮೊದಲು ಗೊತ್ತಾದರೆ ಚಿಕಿತ್ಸೆ ಇದೆ. ಏನಿದೆ ಅಂತ ಗೊತ್ತಿಲ್ಲದ ಪುಡಿ ಮಾತ್ರ ಬೇಡ. ಅದರಲ್ಲಿ ಕೆಲವು ಬಗೆಯ ಸ್ಟೀರಾಯ್ಡ್ ಬೆರೆತಿದ್ದರೆ ಮೂಳೆ ಇನ್ನೂ ಬೇಗ ಮುಚ್ಚಿಕೊಳ್ಳಬಹುದು.

ದುಡ್ಡು ವಾಪಸ್ ಕೇಳಿದರೆ "ಡಬ್ಬ ಓಪನ್ ಮಾಡಿದ್ದೀರಿ" ಅಂದರು. ಬಿಲ್ಲು, ರಿಪೋರ್ಟು, ವಾಟ್ಸಾಪ್ ಮೆಸೇಜು ಎಲ್ಲ ಅಕ್ಕನ ಹತ್ತಿರ ಇವೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ, ಇನ್ನೂ ಇತ್ಯರ್ಥ ಆಗಿಲ್ಲ.