ಅಜ್ಜನ ವಾಚು ‘ರಿಸ್ಟೋರ್’ ಮಾಡಿಸ್ಲಿಕ್ಕೆ ಹೋಗಿ ಕಳ್ಕೊಂಡದ್ದು, ಪಾರ್ಸೆಲ್ ಕಟ್ಟುವ ಮೊದಲು ಓದಿ

ಮನೇಲಿ ಅಜ್ಜಂದೋ ಮಾವಂದೋ ಹಳೇ ಕೀ ಕೊಡುವ ವಾಚು ಉಂಟು, ಯಾರಿಗಾದ್ರೂ ಕಳಿಸಿ ಹೊಸದರ ಹಾಗೆ ಮಾಡಿಸ್ಬೇಕು ಅಂತ ಇದ್ದವರು ಇದನ್ನೊಂದು ಓದಿ ಮತ್ತೆ ಕಳಿಸಿ. ಬರೀಬೇಕಾ ಬೇಡ್ವಾ ಅಂತ ಎರಡು ತಿಂಗಳು ಸುಮ್ಮನಿದ್ದೆ, ಯಾಕಂದ್ರೆ ಇದ್ರಲ್ಲಿ ಅರ್ಧ ತಪ್ಪು ನಂದೇ. ಆದ್ರೆ ಮೊನ್ನೆ ಪೆರ್ಲದ ಪರಿಚಯದವರೊಬ್ರು ಫೋನ್ ಮಾಡಿ, ಅಪ್ಪನ ವಾಚನ್ನು ರೀಲಲ್ಲಿ ಬರುವ ಆ ವಾಚು ರಿಪೇರಿಯವನಿಗೆ ಕಳಿಸ್ತಿದ್ದೇನೆ, ನೀನೂ ಕೊಟ್ಟಿದ್ಯಲ್ಲ, ಹೇಗೆ ಅಂತ ಕೇಳಿದ್ರು. ಇನ್ನು ಬಾಯಿ ಮುಚ್ಕೊಂಡು ಕೂತ್ರೆ ಆಗ್ಲಿಕ್ಕಿಲ್ಲ ಅನಿಸ್ತು. ಅವನ ಹೆಸರು, ಊರು ಹಾಕುದಿಲ್ಲ, ಇಂಥವರು ಒಬ್ಬನೇ ಅಲ್ಲ, ರೀಲ್ ತೆರೆದ್ರೆ ಹತ್ತು ಜನ ಸಿಗ್ತಾರೆ.

ನಾನು ಕಾಸರಗೋಡಿನ ಬದಿಯಡ್ಕ ಕಡೆಯವ. ಅಡಿಕೆ ತೋಟ, ಮಧ್ಯೆ ಸಮಯ ಸಿಕ್ಕಿದ್ರೆ ವಾಚು. 2020ರಲ್ಲಿ ಕೊರೋನಾ ಅಂತ ಕರ್ನಾಟಕದ ಗಡಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದ್ರಲ್ಲ, ಮಂಗಳೂರಿಗೆ ಹೋಗ್ಲಿಕ್ಕೂ ಇಲ್ಲ ಎಂತದ್ದೂ ಇಲ್ಲ, ಆಗ ಚಾವಡಿಯಲ್ಲಿ ಕೂತು ಒಂದು ಎಚ್.ಎಂ.ಟಿ. ಜನತಾ ಬಿಚ್ಚಿದ್ದು, ಅಲ್ಲಿಂದ ಹಿಡಿದ ಹುಚ್ಚು ಇವತ್ತಿನವರೆಗೆ ಬಿಡ್ಲಿಲ್ಲ. ಕಲಿಯುವವರಿಗೆ ಜನತಾದಷ್ಟು ಒಳ್ಳೇ ವಾಚು ಇಲ್ಲ, 1961ರಲ್ಲಿ ಜಪಾನಿನ ಸಿಟಿಜನ್‌ನವರ ಜೊತೆ ಸೇರಿ ಬೆಂಗಳೂರಲ್ಲಿ ಶುರು ಮಾಡಿದ ಫ್ಯಾಕ್ಟರಿ, 17 ಜ್ಯುವೆಲ್ಲಿನ (ಅಚ್ಚು ತಿರುಗುವ ಜಾಗಕ್ಕೆ ಕೂರಿಸುವ ಸಣ್ಣ ಕಲ್ಲು) ಗಟ್ಟಿ ಮೆಷಿನು, ಹಾಳು ಮಾಡಿದ್ರೂ ಪಾರ್ಟ್ ಸಿಗ್ತದೆ. ಮತ್ತೆ ನಮ್ಮ ಕಡೆ ಗಲ್ಫಿಂದ ಬಂದ ಸೀಕೋ ಫೈವ್‌ಗೆ ಬರ ಇಲ್ಲ, ಎರಡು ಮನೆಗೊಂದು ಕಪಾಟಲ್ಲಿ ನಿಂತು ಹೋದದ್ದು ಬಿದ್ದಿರ್ತದೆ. ಹಾಗೆ ಮಾಡ್ತಾ ಮಾಡ್ತಾ ಸಣ್ಣಪುಟ್ಟ ಪಾರ್ಟ್ ಕೈಯಲ್ಲೇ ಮಾಡ್ಲಿಕ್ಕೆ ಕಲಿತೆ. ಗಿಟಾರ್ ತಂತಿ ಬಗ್ಗಿಸಿ ಕ್ಲಿಕ್ ಸ್ಪ್ರಿಂಗ್, ಸ್ಟೀಲ್ ಸರಳಿಗೆ ಥ್ರೆಡ್ ಹೊಡೆದು ಕೀ ಕೊಡುವ ಸ್ಟೆಮ್ಮು, ಹೀಗೆ. ಹಳೇ 8 ಎಂಎಂ ವಾಚು ಲೇತ್ ಒಂದನ್ನು ಸೆಕೆಂಡ್ ಹ್ಯಾಂಡಲ್ಲಿ ತಗೊಂಡೆ, ಅದರ ರೇಟು ಮನೇಲಿ ಇವತ್ತಿಗೂ ಹೇಳ್ಲಿಲ್ಲ.

ಈಗ ಅಜ್ಜನ ವಾಚು. ರೋಮರ್. ಸ್ವಿಟ್ಜರ್‌ಲ್ಯಾಂಡಿನ ಸೊಲೊಥರ್ನಿನ ಕಂಪೆನಿ, ಎಚ್.ಎಂ.ಟಿ. ಬರುವ ಮೊದಲು ನಮ್ಮ ದೇಶದಲ್ಲಿ ಸುಮಾರು ಓಡಿದ ವಾಚು, ಒಳಗಿನ ಮೆಷಿನು ಕೂಡ ಅವರದ್ದೇ, ಎಂ.ಎಸ್.ಟಿ. ಅಂತ. ಅಜ್ಜ ಶಾಲೆ ಮಾಸ್ಟ್ರು. ವಾಚು ತಗೊಂಡ ಕೂಡ್ಲೆ ಕುಂಬಳೆಯ ಒಬ್ಬ ಅಕ್ಕಸಾಲಿಗರ ಹತ್ರ ಹಿಂಬದಿ ಮುಚ್ಚಳದಲ್ಲಿ ತನ್ನ ಹೆಸರಿನ ಅಕ್ಷರ, ಅದರ ಅಡಿಯಲ್ಲಿ ಕನ್ನಡ ಅಂಕೆಯಲ್ಲೇ ೧೯೫೮ ಅಂತ ಕೆತ್ತಿಸಿದ್ರಂತೆ. ಕಾಸರಗೋಡು ಕೇರಳಕ್ಕೆ ಸೇರಿ ಎರಡೇ ವರ್ಷ ಆಗಿತ್ತು, ಅಜ್ಜನಿಗೆ ಆಗ ಕನ್ನಡ ಅಂಕೆ ಅಂದ್ರೆ ಬರೀ ಅಂಕೆ ಅಲ್ಲ, ಒಂದು ಹಠ. ನಾನು ಸಣ್ಣವ ಇರುವಾಗ ಅವರ ತೊಡೆಯಲ್ಲಿ ಕೂತು ಆ ಒಂಬತ್ತನ್ನು ಉಗುರಲ್ಲಿ ಕೆರೀತಿದ್ದೆ.

ವಾಚು ಅಮ್ಮನ ಕೈಯಿಂದ ಸಿಮೆಂಟ್ ಜಗಲಿಗೆ ಬಿತ್ತು. ಅದರಲ್ಲಿ ಶಾಕ್ ಪ್ರೊಟೆಕ್ಷನ್ ಇಲ್ಲ, ಬಿದ್ರೆ ಪೆಟ್ಟು ಸೀದಾ ಬ್ಯಾಲೆನ್ಸ್ ಸ್ಟಾಫಿಗೆ. ಗೊತ್ತಿಲ್ಲದವರಿಗೆ ಹೇಳ್ತೇನೆ, ಟಿಕ್‌ಟಿಕ್ ಅಂತ ಹಿಂದೆಮುಂದೆ ತಿರುಗುವ ಚಕ್ರ ಉಂಟಲ್ಲ, ಅದರ ಅಚ್ಚು ಅದು. ಎರಡು ತುದಿಯಲ್ಲಿ ಪಿವಟ್ ಅಂತ ಮೊನೆ ಇರ್ತದೆ, ದಪ್ಪ ಸುಮಾರು 0.1 ಎಂಎಂ, ತಲೆಕೂದಲಿಗಿಂತ ಚೂರೇ ಜಾಸ್ತಿ. ಒಂದು ಮೊನೆ ಮುರಿದಿತ್ತು. ಸರಿಯಾದ ಸೈಜಿನ ಸ್ಟಾಫು ಹುಡುಕಿ ಸಾಕಾಯ್ತು, ಮತ್ತೆ ನಾನೇ ಮಾಡ್ಲಿಕ್ಕೆ ಕೂತೆ. ಸ್ಟೀಲನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡ್ಬೇಕು, ಹಾಗೇ ಬಿಟ್ರೆ ಗಾಜಿನ ಹಾಗೆ ಒಡೀತದೆ, ಅದಕ್ಕೆ ಪುನಃ ಮೆಲ್ಲ ಕಾಯಿಸಿ ನೀಲಿ ಬಣ್ಣ ಬರುವಾಗ ನಿಲ್ಲಿಸ್ಬೇಕು, ಆಮೇಲೆ ಲೇತಲ್ಲಿ ಕೂತು ಕೈಯಲ್ಲಿ ಹಿಡಿದ ಗ್ರೇವರ್ ಅನ್ನುವ ಚೂಪು ಉಳಿಯಲ್ಲಿ ಕೆತ್ತುದು. ಮೊದಲನೆಯದು ಅಳತೆ ತಪ್ಪಿತು. ಎರಡನೆಯದು ಪಿವಟ್ ಪಾಲಿಶ್ ಮಾಡುವಾಗ ಮುರೀತು. ಮೂರನೆಯದು ಆಟಿ ತಿಂಗಳ ಮಳೆಗೆ ಕರೆಂಟು ಹೋಗಿ, ಪುನಃ ಬಂದು, ಮೋಟಾರು ಜರ್ಕ್ ಹೊಡೆದು, ಎಲ್ಲಿಗೆ ಹಾರಿತೋ ದೇವರಿಗೇ ಗೊತ್ತು.

ಬೇಜಾರಲ್ಲಿ ಇರುವಾಗಲೇ ಫೋನಲ್ಲಿ ಇವನ ವಿಡಿಯೋ ಬಂತು. ಲೇತಲ್ಲಿ ಸ್ಟಾಫ್ ಕೆತ್ತುದು, ನೀಲಿ ಬಣ್ಣಕ್ಕೆ ತರುದು, ಹಿನ್ನೆಲೆಯಲ್ಲಿ ಕೊಳಲು. ಎಷ್ಟು ಚಂದ ಮಾಡ್ತಾನೆ ಮಾರಾಯ್ರೆ! ಮೆಸೇಜ್ ಹಾಕಿದೆ, ಹತ್ತು ನಿಮಿಷಕ್ಕೆ ಉತ್ತರ ಬಂತು, ಸ್ಟಾಫು ಕೈಯಿಂದಲೇ ಮಾಡಿ ಕೊಡ್ತೇನೆ, ಫುಲ್ ಸರ್ವಿಸ್ ಸೇರಿ 11,500, ಅರ್ಧ ಅಡ್ವಾನ್ಸ್. ನಾನು ಹೇಳಿದ್ದು ಮೆಷಿನು ಮಾತ್ರ ಸರಿ ಮಾಡಿ, ಡಯಲ್ ಕೇಸು ಮುಟ್ಬೇಡಿ ಅಂತ. ಆದ್ರೆ ಹೇಳಿದ್ದು ಫೋನಲ್ಲಿ, ಬರಹದಲ್ಲಿ ಒಂದು ಸಾಲಿಲ್ಲ. ಬಿಚ್ಚಿ ಒಳಗಿನ ಫೋಟೋ ತೆಗೆದು ಇಟ್ಕೊಳ್ಲಿಲ್ಲ. ಕೊರಿಯರಿನವ ಒಳಗೆ ಎಂತ ಅಂತ ಕೇಳಿದ್ದಕ್ಕೆ ಹಳೇ ವಾಚು, 500 ರೂಪಾಯಿ ಬರ್ಕೊಳ್ಳಿ ಅಂದೆ. ಈ ಮೂರು ವಿಷಯಕ್ಕೆ ನನಗೆ ನಾನೇ ಕೆಪಾಳಕ್ಕೆ ಹೊಡ್ಕೊಳ್ಬೇಕು.

ನಾಲ್ಕು ತಿಂಗಳು. ನಾಳೆ, ನಾಡಿದ್ದು, ಅಮ್ಮನಿಗೆ ಹುಷಾರಿಲ್ಲ, ಪಾರ್ಟ್ ಬರ್ಬೇಕು. ಕೊನೆಗೆ ಒಂದು ವಿಡಿಯೋ ಕಳಿಸಿದ, ವಾಚಿನ ಓಟ ಅಳೆಯುವ ಟೈಮ್‌ಗ್ರಾಫರಿನ ಮೇಲೆ ವಾಚು, ಪರದೆಯಲ್ಲಿ ಆಂಪ್ಲಿಟ್ಯೂಡ್ 276. ಅಂದ್ರೆ ಚಕ್ರ ಒಂದೊಂದು ಕಡೆಗೆ 276 ಡಿಗ್ರಿ ತಿರುಗ್ತದೆ ಅಂತ, ಅಷ್ಟು ಹಳೇ ವಾಚಿಗೆ ಭಾರೀ ಒಳ್ಳೇ ನಂಬ್ರ. ಖುಷಿಯಲ್ಲಿ ಬಾಕಿ ದುಡ್ಡು ಹಾಕಿಬಿಟ್ಟೆ.

ಪಾರ್ಸೆಲ್ ಬಂತು, ಬಿಚ್ಚಿದೆ, ಒಂದು ನಿಮಿಷ ಬೇರೆಯವರ ವಾಚು ಬಂದದ್ದಾ ಅಂತ ಸಂಶಯ. ಡಯಲ್ ಹಾಲಿನ ಹಾಗೆ ಬೆಳ್ಳಗೆ. ನಮ್ಮದು ಬೆಲ್ಲದ ಬಣ್ಣಕ್ಕೆ ತಿರುಗಿದ್ದು, ಆರರ ಹತ್ರ ಒಂದು ಕಲೆ ಇತ್ತು. ಪೂರ್ತಿ ಕೆರೆದು ಪುನಃ ಪೇಂಟ್ ಹೊಡೆದಿದ್ದಾನೆ. ಲೂಪ್, ಅಂದ್ರೆ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಹಾಕಿ ನೋಡಿದ್ರೆ ರೋಮರ್ ಅಂತ ಬರೆದದ್ದು ಒಂದು ಅಕ್ಷರ ದಪ್ಪ ಒಂದು ಸಪೂರ, ನಿಮಿಷದ ಗೆರೆಗಳು ನಂಬ್ರದ ನೇರಕ್ಕಿಲ್ಲ, ಕೆಳಗೆ ಅಂಚಲ್ಲಿ ಇದ್ದ ‘ಸ್ವಿಸ್ ಮೇಡ್’ ಮಾಯ. ವಾಚಿನ ಮರ್ಲಿನವರು ಇದಕ್ಕೆ ‘ಮುಂಬೈ ಸ್ಪೆಷಲ್’ ಅಂತಾರೆ, ಮಾರುವವ ‘ರಿಸ್ಟೋರ್ಡ್’ ಅಂತಾನೆ.

ತಿರುಗಿಸಿ ಹಿಂಬದಿ ನೋಡಿದೆ. ಕನ್ನಡಿ. ಬಫಿಂಗ್ ವೀಲಿಗೆ ಹಿಡಿದು ಉಜ್ಜಿದ್ದಾನೆ, ಅಕ್ಷರ ಇಲ್ಲ, ೧೯೫೮ ಇಲ್ಲ, ಲೈಟಿಗೆ ಓರೆ ಹಿಡಿದ್ರೆ ಐದರ ಹೊಟ್ಟೆಯದ್ದೋ ಎಂತದ್ದೋ ಒಂದು ನೆರಳಿನ ಹಾಗೆ ಕಾಣ್ತದೆ. ಫೋನ್ ಮಾಡಿದೆ. ‘ಸರ್, ತುಂಬ ಸ್ಕ್ರಾಚ್ ಇತ್ತು, ಫ್ರೀಯಾಗಿ ತೆಗೆದು ಕೊಟ್ಟಿದ್ದೇನೆ’ ಅಂದ.

ಅಮ್ಮನಿಗೆ ಆ ದಿನ ತೋರಿಸ್ಲಿಲ್ಲ.

ಓಡ್ತಿತ್ತು, ಅದು ನಿಜ. ಹದಿನೇಳು ದಿನ ಓಡಿತು. ನಿಂತ ಮೇಲೆ ಬಿಚ್ಚಿದೆ, ಒಳಗಿನದ್ದು ಹೊರಗಿನದಕ್ಕಿಂತ ದೊಡ್ಡ ಕಥೆ. ನಮ್ಮ ಬ್ಯಾಲೆನ್ಸ್ ಚಕ್ರದ ಸುತ್ತ ಸಣ್ಣ ಸಣ್ಣ ತಿರುಪು ಇತ್ತು, ಸ್ಟಾಫಿನ ಅಳತೆ ತೆಗೆಯುವಾಗ ದಿನಗಟ್ಲೆ ನೋಡಿದ್ದೇನೆ, ಕಣ್ಣು ಮುಚ್ಚಿದ್ರೂ ಕಾಣ್ತದೆ. ಇದರಲ್ಲಿ ತಿರುಪೇ ಇಲ್ಲದ ಬೋಳು ಚಕ್ರ! ಕೈಯಿಂದ ಸ್ಟಾಫು ಮಾಡುದು ಎಲ್ಲಿಂದ ಬಂತು, ಬೇರೆ ಯಾವುದೋ ಸತ್ತ ವಾಚಿಂದ ಬ್ಯಾಲೆನ್ಸೇ ಕಿತ್ತು ಕೂರಿಸಿದ್ದಾನೆ. ನಮ್ಮದು ಎಲ್ಲಿ ಅಂತ ಕೇಳಿದ್ರೆ ‘ಸ್ಟಾಫ್ ತೆಗೆಯುವಾಗ ಹಾಳಾಯ್ತು’. ಹಳೇ ಸ್ಟಾಫನ್ನು ಲೇತಲ್ಲಿ ಹಾಕಿ ರಿವೆಟ್ಟನ್ನು ಕೆತ್ತಿ ತೆಗೀಬೇಕು, ಸುತ್ತಿಗೆ ಪಂಚು ಇಟ್ಟು ಹೊಡೆದ್ರೆ ಚಕ್ರದ ತೂತು ದೊಡ್ಡ ಆಗ್ತದೆ, ಮತ್ತೆ ಹೊಸ ಸ್ಟಾಫು ಅದರಲ್ಲಿ ನೆಟ್ಟಗೆ ನಿಲ್ಲುದಿಲ್ಲ. ಹೊಡೆದೇ ಹಾಳು ಮಾಡಿರ್ಬೇಕು ಅಂತ ನನ್ನ ಅಂದಾಜು. ರೀಲಲ್ಲಿ ಕೆತ್ತಿದ ಸ್ಟಾಫು ಯಾರ ವಾಚಿಗೆ ಹೋಯ್ತೋ, ಯಾರು ಕೆತ್ತಿದ್ದೋ.

ಚಕ್ರವನ್ನು ಹಿಂದೆಮುಂದೆ ಆಡಿಸುವ ಕೂದಲಿನಂಥ ಸುರುಳಿ, ಹೇರ್‌ಸ್ಪ್ರಿಂಗ್, ಅದರ ತುದಿಯಲ್ಲಿ ಎಂತದ್ದೋ ಬಿಳಿ ಕಂಡಿತು, ನನಗೆ ಅರ್ಥ ಆಗ್ಲಿಲ್ಲ. ಕಾಸರಗೋಡು ಹಳೇ ಬಸ್‌ಸ್ಟ್ಯಾಂಡ್ ಹತ್ರ ಒಬ್ಬರು ಹಿರಿಯ ಮೆಕ್ಯಾನಿಕ್ ಇದ್ದಾರೆ, ಆಗಾಗ ಹೋಗಿ ಕೂರ್ತೇನೆ, ಅವರಿಗೆ ತೋರಿಸಿದೆ. ಕಣ್ಣಿಗೆ ಲೂಪ್ ಸಿಕ್ಕಿಸಿ ಎರಡು ಸೆಕೆಂಡು ನೋಡಿ ‘ಇದ್ ಪಶಯಿಟ್ಟದಲ್ಲೇ ಮೋನೇ’ ಅಂದ್ರು. ಪಶೆ, ಅಂದ್ರೆ ಗಮ್ಮು. ಸೂಪರ್ ಗ್ಲೂ! ಸ್ಪ್ರಿಂಗಿನ ತುದಿಯನ್ನು ಪಿನ್ ಹಾಕಿ ಬಿಗಿ ಮಾಡುವ ಜಾಗಕ್ಕೆ ಒಂದು ಹನಿ ಬಿಟ್ಟು ಕೂರಿಸಿದ್ದಾನೆ. ಆ ಗಮ್ಮಿನ ಹಬೆ ಸುತ್ತ ಕೂತು ಬಿಳಿ ಪೊರೆ ಕಟ್ತದೆ, ಅದೇ ನಾನು ಫಂಗಸ್ ಅಂತ ತಿಳ್ಕೊಂಡದ್ದು, ನಮ್ಮ ಮಳೆಗಾಲದಲ್ಲಿ ಚಪ್ಪಲಿಗೂ ಫಂಗಸ್ ಬರ್ತದಲ್ಲ. ಅಸಿಟೋನಲ್ಲಿ ಕರಗ್ತದೆ, ಆದ್ರೆ ಹಾಗೇ ಮುಳುಗಿಸಿಬಿಡ್ಬೇಡಿ, ಬ್ಯಾಲೆನ್ಸಿನ ಅಡಿಯ ರೋಲರಿನ ಕೆಂಪು ಕಲ್ಲನ್ನೂ ಆ ಚಕ್ರವನ್ನು ತಳ್ಳುವ ಪ್ಯಾಲೆಟ್ ಫೋರ್ಕಿನ ಎರಡು ಕಲ್ಲನ್ನೂ ಅರಗಲ್ಲಿ ಅಂಟಿಸಿರ್ತಾರೆ, ಅದೂ ಮೆತ್ತಗಾಗಿ ಕಲ್ಲು ಕಳಚಿ ಬರ್ಬಹುದು.

ಮತ್ತೆ ಆ 276. ನನ್ನ ಟೈಮ್‌ಗ್ರಾಫರಲ್ಲಿ 205ರ ಮೇಲೆ ಹೋಗ್ಲೇ ಇಲ್ಲ. ಅವನ ವಿಡಿಯೋ ಪುನಃ ಪುನಃ ನಿಲ್ಲಿಸಿ ನೋಡಿದ್ಮೇಲೆ ಸಿಕ್ಕಿತು, ಮೂಲೆಯಲ್ಲಿ ಲಿಫ್ಟ್ ಆಂಗಲ್ 70 ಅಂತ ಉಂಟು. ಫೋರ್ಕು ಚಕ್ರಕ್ಕೆ ತಾಗಿಕೊಂಡಿರುವಾಗ ಚಕ್ರ ತಿರುಗುವ ಕೋನ ಅದು, ಟೈಮ್‌ಗ್ರಾಫರಿಗೆ ನಾವೇ ಹಾಕಿ ಕೊಡುದು. ಸಾಮಾನ್ಯ 52 ಇರ್ತದೆ, ವಾಚಿಗೆ ತಕ್ಕ ಹಾಗೆ ಎರಡು ಮೂರು ಆಚೀಚೆ, ನೀವು ಅದನ್ನು ಏರಿಸಿದಷ್ಟೂ ಪರದೆಯ ಆಂಪ್ಲಿಟ್ಯೂಡ್ ಅದೇ ಲೆಕ್ಕದಲ್ಲಿ ಏರ್ತದೆ. 205ನ್ನು 70ರಿಂದ ಗುಣಿಸಿ 52ರಿಂದ ಭಾಗಿಸಿ ನೋಡಿ, 276ಕ್ಕೇ ಬರ್ತದೆ. ವಾಚು ಒಂದು ಚೂರೂ ಬದಲಾಗ್ಲಿಲ್ಲ, ಬರೀ ನಂಬ್ರ ಬದಲಾದ್ದು. ಟೈಮ್‌ಗ್ರಾಫರ್ ವಿಡಿಯೋ ಯಾರು ಕಳಿಸಿದ್ರೂ ಮೊದಲು ಮೂಲೆ ನೋಡಿ, ಮತ್ತೆ ಡಯಲ್ ಮೇಲೆ ಮಾಡಿ ಇಟ್ಟದ್ದು ಮಾತ್ರ ಅಲ್ಲ, ವಾಚನ್ನು ನೆಟ್ಟಗೆ ನಿಲ್ಲಿಸಿ ತೆಗೆದದ್ದನ್ನೂ ಕೇಳಿ.

ಇನ್ನೊಂದು ವಿಷಯ, ಇದು ಅವನಿಗಿಂತ ನಮ್ಮಂಥ ಮನೆಯಲ್ಲಿ ಬಿಚ್ಚುವವರಿಗೆ. ಪಾರ್ಸೆಲಿನ ಒಳಗೆ ಒಂದು ಸಣ್ಣ ಪ್ಲಾಸ್ಟಿಕ್ ಕವರಲ್ಲಿ ಹಳೇ ಮುಳ್ಳುಗಳು, ಜೊತೆಗೆ ಡಯಲಿಂದ ಕೆರೆದ ಕಂದು ಹುಡಿ. ಪ್ರಾಮಾಣಿಕತೆ ತೋರಿಸ್ಲಿಕ್ಕೋ ಎಂತದ್ದೋ ಹಾಕಿ ಕಳಿಸಿದ್ದ. ಎರಡು ವಾರ ಅದು ನನ್ನ ಮೇಜಿನ ಡ್ರಾಯರಲ್ಲಿ ಇತ್ತು, ಮಗಳು ಅದೇ ಡ್ರಾಯರಿಂದ ಪೆನ್ಸಿಲ್ ತೆಗೆಯುದು. ಆ ಕಾಲದ ವಾಚಲ್ಲಿ ಕತ್ತಲೆಗೆ ಹೊಳೆಯುವ ಪೇಂಟ್ ಅಂದ್ರೆ ಹೆಚ್ಚಾಗಿ ರೇಡಿಯಂ, ಸ್ಟಿಕ್ಕರಿನ ರೇಡಿಯಂ ಅಲ್ಲ, ವಿಕಿರಣ ಬಿಡುವ ನಿಜವಾದ ರೇಡಿಯಂ. ಈಗ ಹೊಳೆಯುದಿಲ್ಲ ಅಂತ ಧೈರ್ಯ ಬೇಡ, ಹೊಳಪು ಕೊಡ್ತಿದ್ದ ಜಿಂಕ್ ಸಲ್ಫೈಡ್ ಸುಟ್ಟು ಹೋದದ್ದು ಅಷ್ಟೇ, ರೇಡಿಯಂ ಅರ್ಧಕ್ಕೆ ಇಳಿಯಲಿಕ್ಕೇ 1600 ವರ್ಷ ಬೇಕು. ಗ್ಲಾಸು ಮುಚ್ಚಿ ಕೈಗೆ ಕಟ್ಟಿದ್ರೆ ಅಂಥ ದೊಡ್ಡ ತೊಂದರೆ ಇಲ್ಲ, ಹುಡಿ ಮೂಗಿಗೆ ಬಾಯಿಗೆ ಹೋದ್ರೆ ಕಷ್ಟ, ಮೈಯಲ್ಲಿ ಅದು ಕ್ಯಾಲ್ಸಿಯಂನ ಹಾಗೆ ಮೂಳೆಯಲ್ಲಿ ಕೂರ್ತದೆ. ನೂರು ವರ್ಷ ಹಿಂದೆ ಅಮೇರಿಕದಲ್ಲಿ ಡಯಲಿಗೆ ಈ ಪೇಂಟ್ ಬಳಿಯುವ ಹುಡುಗಿಯರಿಗೆ ಬ್ರಷ್ಷಿನ ತುದಿ ತುಟಿಯಲ್ಲಿ ಚೂಪು ಮಾಡ್ಲಿಕ್ಕೆ ಕಲಿಸ್ತಿದ್ರು, ದವಡೆ ಕೊಳೆತು ಸತ್ತವರಿದ್ದಾರೆ.

ನಾನು ಯಾರನ್ನೂ ಬೈಯುವ ಹಾಗಿಲ್ಲ, ಶುರುವಿನಲ್ಲಿ ಒಂದು ವೆಸ್ಟ್ ಎಂಡ್ ಕಂಪೆನಿಯ ಹಳೇ ವಾಚಿನ ಮುಳ್ಳನ್ನು ಸೂಜಿಯಲ್ಲಿ ಕೆರೆದು ಉಫ್ ಅಂತ ಊದಿದ್ದೇನೆ, ಅದೂ ಊಟದ ಮೇಜಲ್ಲಿ. ಈಗ ಆ ಕವರನ್ನು ಇನ್ನೊಂದು ಕವರಲ್ಲಿ ಕಟ್ಟಿ, ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿ ಹಾಕಿ ಮನೆಯಿಂದ ದೂರದ ಶೆಡ್ಡಲ್ಲಿ ಇಟ್ಟದ್ದು, ಡ್ರಾಯರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದು, ಗುಡಿಸ್ಲಿಲ್ಲ. ಹಳೇ ಡಯಲಲ್ಲಿ ಕಂದು ಹಿಡಿದ ಪೇಂಟ್ ಕಂಡ್ರೆ ದಯವಿಟ್ಟು ಕೆರೀಬೇಡಿ, ಕೆರೆಸ್ಲೂ ಬೇಡಿ.

ದುಡ್ಡು ವಾಪಸ್ ಬರ್ಲಿಲ್ಲ. ಎರಡು ಸಲ ಕೇಳಿದ್ದಕ್ಕೆ ಬ್ಲಾಕ್ ಮಾಡಿದ. ವಕೀಲಿ ಮಾಡುವ ನೆಂಟರೊಬ್ರನ್ನು ಕೇಳಿದೆ, 2019ರ ಕಾನೂನು ಪ್ರಕಾರ ನಾವು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕ್ಬಹುದಂತೆ, ಅವನಿರುವ ಊರಿಗೆ ಹೋಗ್ಬೇಕಂತ ಇಲ್ಲ, 5 ಲಕ್ಷದವರೆಗೆ ಫೀಸೂ ಇಲ್ಲ, ಎರಡು ವರ್ಷದ ಒಳಗೆ ಹಾಕ್ಬೇಕು. ಎಲ್ಲ ಸರಿ. ಮತ್ತೆ ಅವರು ಕೇಳಿದ್ರು, ಹಿಂಬದಿ ಅಕ್ಷರ ಇತ್ತು ಅನ್ಲಿಕ್ಕೆ ಫೋಟೋ ಉಂಟಾ? ಇಲ್ಲ. ಚಕ್ರದ್ದು? ಇಲ್ಲ. ಡಯಲ್ ಮುಟ್ಬೇಡಿ ಅಂತ ಬರೆದದ್ದು? ಇಲ್ಲ. ಕೊರಿಯರ್ ರಶೀದಿಯಲ್ಲಿ ಎಷ್ಟು? 500. ಅವರು ಕನ್ನಡಕ ತೆಗೆದು ಒರೆಸ್ಲಿಕ್ಕೆ ಶುರು ಮಾಡಿದ್ರು.

ಹಾಗಾಗಿ ಪೆರ್ಲದವರಿಗೆ ನಾನು ಹೇಳಿದ್ದು ಇಷ್ಟೇ. ಕಳಿಸುದೇ ಆದ್ರೆ ಮೊದಲು ಹತ್ರದ ಯಾರಾದ್ರೂ ಮೆಕ್ಯಾನಿಕ್ ಹತ್ರ ಮುಚ್ಚಳ ತೆಗೆಸಿ, ಮೆಷಿನು, ಬ್ಯಾಲೆನ್ಸು, ನಂಬ್ರ, ಮುಚ್ಚಳದ ಒಳಗೆ ಹೊರಗೆ, ಡಯಲ್, ಎಲ್ಲದರ ಫೋಟೋ ಇವತ್ತಿನ ಪೇಪರ್ ಪಕ್ಕ ಇಟ್ಟು ತೆಗೀರಿ. ಡಯಲ್ ಪೇಂಟ್ ಬೇಡ, ಪಾಲಿಶ್ ಬೇಡ, ಬದಲಾಯಿಸಿದ ಪ್ರತಿ ಪಾರ್ಟೂ ವಾಪಸ್ ಬೇಕು ಅಂತ ಮೆಸೇಜಲ್ಲಿ ಬರೆದು ಅವನಿಂದ ಆಯ್ತು ಅನ್ನಿಸಿ. ಸ್ಟಾಫು ಮಾಡ್ತೇನೆ ಅಂದ್ರೆ ನಿಮ್ಮ ಚಕ್ರಕ್ಕೇ ಕೂರಿಸುವ ವಿಡಿಯೋ ಕೇಳಿ. ಕೊಳಲು ಇಲ್ಲದ್ದು. ಅವರು ನಕ್ಕರು, ಮತ್ತೆ ಕಳಿಸುದಿಲ್ಲ ಅಂದ್ರು, ವಾಚು ಈಗ ಹಳೇ ಬಸ್‌ಸ್ಟ್ಯಾಂಡಿನ ಹಿರಿಯರ ಹತ್ರ ಉಂಟು, ಅವರು ಮೂರು ತಿಂಗಳು ಅಂದಿದ್ದಾರೆ, ನಾಲ್ಕಾದ್ರೂ ಆಗ್ತದೆ, ಆದ್ರೆ ಬೇಕಾದಾಗ ಹೋಗಿ ನೋಡ್ಬಹುದು.

ನಮ್ಮ ರೋಮರ್ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಉಂಟು. ಗಮ್ಮು ತೆಗೆದಾಯ್ತು. ಅಮ್ಮನಿಗೆ ಕೊನೆಗೂ ತೋರಿಸಿದೆ, ಅವಳು ಡಯಲ್ ನೋಡ್ಲೇ ಇಲ್ಲ, ಸೀದಾ ತಿರುಗಿಸಿ ಹಿಂಬದಿಯಲ್ಲಿ ಹೆಬ್ಬೆಟ್ಟು ಆಡಿಸಿದ್ಲು, ‘ಇದೆಂತ ಇಷ್ಟು ನುಣ್ಣಗೆ’ ಅಂತ ಕೇಳಿದ್ಲು. ಪುನಃ ಕೆತ್ತಿಸ್ಬಹುದು ಅಂತ ಹೆಂಡತಿ ಹೇಳ್ತಾಳೆ. ನನಗೆ ಮನಸ್ಸಾಗ್ಲಿಲ್ಲ.